ರಿಪೋರ್ಟಿನಲ್ಲಿ 'ಲಿವರ್ ಲೀಷನ್' ಅಂತಿದೆಯಾ? ಹೀಗೆ ನೋಡಿ

ಕಿಡ್ನಿ ಕಲ್ಲಿಗೆಂದು ಸ್ಕ್ಯಾನ್ ಮಾಡಿಸಿದರೆ ರಿಪೋರ್ಟಿನಲ್ಲಿ 'ಲಿವರ್‌ನಲ್ಲಿ ಎಸ್‌ಒಎಲ್' ಎಂದಿರುತ್ತದೆ. ಸ್ಪೇಸ್ ಆಕ್ಯುಪೈಯಿಂಗ್ ಲೀಷನ್, ಅಂದರೆ ಸುತ್ತಲಿನ ಲಿವರ್‌ಗಿಂತ ಬೇರೆಯಾಗಿ ಕಾಣುವ ಜಾಗ, ಒಂದು ಮಚ್ಚೆ, ಅಷ್ಟೇ. ಅದಿನ್ನೂ ಕಾಯಿಲೆಯ ಹೆಸರಲ್ಲ. ಗೂಗಲ್ ಮಾಡಿದರೆ ಮಾತ್ರ ನೇರ ಕ್ಯಾನ್ಸರ್‌ಗೇ ಹೋಗಿ ನಿಲ್ಲುತ್ತೇವೆ, ಅಲ್ವಾ?

ಮೊದಲು ಮಚ್ಚೆ ಬಿಡಿ, ಲಿವರ್ ಯಾರದು ನೋಡಿ. ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಅಥವಾ ಬಹುಕಾಲದಿಂದ ಹೆಪಟೈಟಿಸ್ ಬಿ ಇದ್ದವರು, ಹಿಂದೆ ಬೇರೆಲ್ಲೋ ಕ್ಯಾನ್ಸರ್ ಆಗಿದ್ದವರು ಸಣ್ಣ ಮಚ್ಚೆಯನ್ನೂ ತಡಮಾಡದೆ ತೋರಿಸಬೇಕು. ಇದ್ಯಾವುದೂ ಇಲ್ಲದಿದ್ದರೆ 1 ಸೆಂ.ಮೀ.ಗಿಂತ ಚಿಕ್ಕದು ಸಾಮಾನ್ಯವಾಗಿ ಅಪಾಯದ್ದಲ್ಲ. ಜ್ವರ, ಬಲಪಕ್ಕೆಯಲ್ಲಿ ನೋವು ಇದ್ದರೆ ಅದು ಕೀವು ತುಂಬಿದ ಆಬ್ಸೆಸ್ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.

ಆಮೇಲೆ ರಿಪೋರ್ಟಿನ ಪದ ಹುಡುಕಿ. 'ಅನೆಕೋಯಿಕ್' (ಪೂರ್ತಿ ಕಪ್ಪಗೆ ಕಾಣುವುದು), ತೆಳು ಗೋಡೆ ಎಂದಿದ್ದರೆ ಹೆಚ್ಚಾಗಿ ಬರೀ ನೀರಿನ ಸಿಸ್ಟ್, ಅಂದರೆ ಚೀಲ. 'ಹೈಪರ್‌ಎಕೋಯಿಕ್' (ಬೆಳ್ಳಗೆ ಕಾಣುವುದು), ಅಂಚು ಸ್ಪಷ್ಟ ಎಂದಿದ್ದರೆ ಹೆಮಾಂಜಿಯೋಮಾ ಇರಬಹುದು: ರಕ್ತನಾಳಗಳ ಗಂಟು, ಕ್ಯಾನ್ಸರ್ ಆಗುವಂಥದ್ದಲ್ಲ, ಹೆಂಗಸರಲ್ಲಿ ಜಾಸ್ತಿ. ಫ್ಯಾಟಿ ಲಿವರ್ ಇದ್ದವರಲ್ಲಿ ಪಿತ್ತಕೋಶದ ಪಕ್ಕ ಕೊಬ್ಬು ಸೇರದೆ ಉಳಿದ ಜಾಗವೂ ಕೆಲವೊಮ್ಮೆ ಗಡ್ಡೆಯಂತೆ ಕಂಡು ಸುಮ್ನೆ ಗಾಬರಿ ಹುಟ್ಟಿಸುತ್ತದೆ.

ಅಲ್ಟ್ರಾಸೌಂಡ್‌ನಲ್ಲಿ ಗೊತ್ತಾಗದಿದ್ದರೆ ಟ್ರಿಪಲ್ ಫೇಸ್ ಸಿಟಿ ಅಥವಾ ಎಂಆರ್‌ಐ ಬರೆಯುತ್ತಾರೆ. ಅಸಲಿ ಉತ್ತರ ಸಿಗುವುದು ಹೆಚ್ಚಾಗಿ ಇಲ್ಲೇ. ಕಾಂಟ್ರಾಸ್ಟ್ ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಸುಮಾರು 30ನೇ ಸೆಕೆಂಡಿನಲ್ಲಿ ಒಮ್ಮೆ, 70ನೇ ಸೆಕೆಂಡಿನಲ್ಲಿ ಒಮ್ಮೆ, ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಚಿತ್ರ ತೆಗೆದು, ಔಷಧ ಮಚ್ಚೆಗೆ ಹೇಗೆ ಬಂತು, ಹೇಗೆ ಹೋಯಿತು ಅಂತ ನೋಡುತ್ತಾರೆ. ಹೆಮಾಂಜಿಯೋಮಾ ಅಂಚಿನಿಂದ ಒಳಕ್ಕೆ ನಿಧಾನವಾಗಿ ತುಂಬುತ್ತದೆ. ಲಿವರ್‌ನದೇ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲ ಹಂತದಲ್ಲೇ ಬೆಳಗಿ, ಆಮೇಲೆ ಸುತ್ತಲಿನ ಲಿವರ್‌ಗಿಂತ ಮಂಕಾಗುತ್ತದೆ. ಇದೇ 'ವಾಶ್‌ಔಟ್'. ಸಿರೋಸಿಸ್ ಇದ್ದವರಲ್ಲಿ ಇದು ಸ್ಪಷ್ಟವಾಗಿ ಕಂಡರೆ ಎಷ್ಟೋ ಸಲ ಬಯಾಪ್ಸಿಯೇ (ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷಿಸುವುದು) ಬೇಕಾಗುವುದಿಲ್ಲ. ಸಿಟಿಗೆ ಮುಂಚೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ಹೇಳುವ ರಕ್ತಪರೀಕ್ಷೆ) ಎಷ್ಟಿದೆ, ಅಲರ್ಜಿ ಇದೆಯಾ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೊಳ್ತೀರಾ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.

'ಸೂಜಿ ಹಾಕಿ ನೋಡಿಬಿಡಿ' ಅಂತ ನೀವೇ ಒತ್ತಾಯಿಸಬೇಡಿ. ನಾಯಿ, ಕುರಿಗಳ ನಂಟಿರುವ, ಹುಳದಿಂದಾಗುವ ಹೈಡಾಟಿಡ್ ಸಿಸ್ಟ್‌ಗೆ ಗೊತ್ತಿಲ್ಲದೆ ಸೂಜಿ ಚುಚ್ಚಿದರೆ ಒಳಗಿನ ದ್ರವ ಸೋರಿ ತೀವ್ರ ಅಲರ್ಜಿ ಆಗಬಹುದು.

ಗರ್ಭನಿರೋಧಕ ಮಾತ್ರೆ ನುಂಗುವವರು ಅದನ್ನು ಮುಚ್ಚಿಡಬೇಡಿ. ಅಡಿನೋಮಾ ಎಂಬ ಗಡ್ಡೆಗೂ ಅದಕ್ಕೂ ಸಂಬಂಧವಿದೆ, 5 ಸೆಂ.ಮೀ. ದಾಟಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಡಾಕ್ಟರ ಹತ್ತಿರ ಹೋಗುವಾಗ ರಿಪೋರ್ಟಿನ ಜೊತೆ ಹಳೇ ಸ್ಕ್ಯಾನ್‌ಗಳ ಸಿಡಿಯನ್ನೂ ಒಯ್ಯಿರಿ. ಎರಡು ವರ್ಷದ ಹಿಂದೆಯೂ ಅದೇ ಮಚ್ಚೆ ಅಷ್ಟೇ ಇತ್ತು ಅಂತಾದರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.