ಮಾಯದ ಕಾಲುಹುಣ್ಣಿಗೆ ನ್ಯಾನೊ ಬೆಳ್ಳಿ ಪಟ್ಟಿ: ನೆನೆಸಲು ಸಲೈನ್ ಬೇಡ

ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣು ವಾರಗಟ್ಟಲೆ ಮಾಯದೆ ರಸಿಗೆ ಸುರಿಸುತ್ತಿದ್ದರೆ ಕೆಲವು ವೈದ್ಯರು ನ್ಯಾನೊ ಬೆಳ್ಳಿಯ ಡ್ರೆಸ್ಸಿಂಗ್, ಅಂದರೆ ಅತಿ ಸಣ್ಣ ಬೆಳ್ಳಿ ಕಣಗಳಿರುವ ಪಟ್ಟಿ, ಬರೆದುಕೊಡುತ್ತಾರೆ. ಬೆಲೆ ಮಾಮೂಲಿ ಗಾಜ್‌ಗಿಂತ ಬಹಳ ಹೆಚ್ಚು. ಕಟ್ಟುವ ಕ್ರಮ ತಪ್ಪಿದರೆ ಆ ದುಡ್ಡು ನೀರಿಗೆ, ಅದೂ ಉಪ್ಪುನೀರಿಗೆ ಹೋದಂತೆ.

ಬೆಳ್ಳಿ ಅಷ್ಟು ಸಣ್ಣದೇಕೆ? 1 ಸೆಂ.ಮೀ. ಉದ್ದಗಲ ಎತ್ತರದ ಬೆಳ್ಳಿಗಟ್ಟಿಯ ಹೊರಮೈ 6 ಚದರ ಸೆಂ.ಮೀ. ಅದನ್ನೇ 10 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್) ಘನಗಳಾಗಿ ಕತ್ತರಿಸಿದರೆ 600 ಚದರ ಮೀಟರ್. 40x60ರ ಎರಡೂವರೆ ಸೈಟಿಗಿಂತ ಜಾಸ್ತಿ. ತೇವ ತಾಗಿದರೆ ಈ ಮೈಯಿಂದ ಬೆಳ್ಳಿ ಅಯಾನುಗಳು (ವಿದ್ಯುದಂಶವಿರುವ ಕಣಗಳು) ಹೊರಟು ಬ್ಯಾಕ್ಟೀರಿಯಾದ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತವೆ.

ಮೊದಲು ವೈದ್ಯರು ಪಾದದ ನಾಡಿ ನೋಡಲಿ, ಹುಣ್ಣು ಮೂಳೆ ಮುಟ್ಟಿದೆಯೇ ಎಂದು ಪರೀಕ್ಷಿಸಲಿ, ಸತ್ತ ಚರ್ಮ, ಆಣಿ ಕೆತ್ತಿ ತೆಗೆಯಲಿ. ಸತ್ತ ಪದರದ ಮೇಲೆ ಬೆಳ್ಳಿ ಹಾಸಿ ಪ್ರಯೋಜನವಿಲ್ಲ. ಬೆಳ್ಳಿಯ ಅಲರ್ಜಿ ಇದ್ದವರಿಗೆ ಇದು ಬೇಡ.

ಕೈ ತೊಳೆದು ಗ್ಲೌಸ್ ಹಾಕಿ, ಹುಣ್ಣನ್ನು ಸಲೈನಿನಲ್ಲಿ ತೊಳೆದು ಸುತ್ತಲಿನ ಚರ್ಮ ಒರೆಸಿ. ಮುಲಾಮು, ವ್ಯಾಸಲೀನ್ ಸವರಬೇಡಿ. ಜಿಡ್ಡಿದ್ದರೆ ಬೆಳ್ಳಿಗೆ ತೇವ ತಲುಪದು. ಪಟ್ಟಿಯನ್ನು ಹುಣ್ಣಿನ ಆಕಾರಕ್ಕೆ ಕತ್ತರಿಸಿ. ಅಂಚು ಹೊರಚಾಚಿದಲ್ಲಿ ಚರ್ಮಕ್ಕೆ ಬೂದುಬಣ್ಣ ಹತ್ತಬಹುದು.

ಇನ್ನು ಪಟ್ಟಿ ನೆನೆಸುವುದು. ಕೈಗೆ ಸಿಕ್ಕ ಸಲೈನ್ ಬಾಟಲಿಯನ್ನೇ ಮತ್ತೆ ಬಗ್ಗಿಸುವುದು ಎಲ್ಲ ಕಡೆ ಆಗುವ ತಪ್ಪು. ಸಲೈನಿನ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ಅದರ ಕ್ಲೋರೈಡ್ ಬೆಳ್ಳಿಯೊಂದಿಗೆ ಸೇರಿ, ನೀರಿನಲ್ಲಿ ಹೆಚ್ಚುಕಡಿಮೆ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಹುಣ್ಣಿಗೆ ತಲುಪಬೇಕಾದ ಬೆಳ್ಳಿ ಪಟ್ಟಿಯಲ್ಲೇ ಕೂರುತ್ತದೆ. ಮೆಡಿಕಲ್ ಅಂಗಡಿಯ ‘ಸ್ಟೆರೈಲ್ ವಾಟರ್ ಫಾರ್ ಇಂಜೆಕ್ಷನ್’ ಬಳಸಿ. (ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಲ್ಲ!) ಪಟ್ಟಿ ಪೂರ್ತಿ ನೆನೆದ ಮೇಲೆ ಎರಡು ನಿಮಿಷ ಹಿಡಿದು ಹೆಚ್ಚಿನ ನೀರು ಬಸಿದುಹೋಗಲು ಬಿಡಿ. ತೊಟ್ಟಿಕ್ಕುತ್ತಿರುವಾಗಲೇ ಕಟ್ಟಿದರೆ ಸುತ್ತಲಿನ ಚರ್ಮ ಬೆಳ್ಳಗೆ ನೆನೆದು ಬಿರಿಯುತ್ತದೆ. ಯಾವ ಮುಖ ಕೆಳಗೆ ಎಂಬುದನ್ನು ಪ್ಯಾಕೆಟ್ ನೋಡಿ ತಿಳಿಯಿರಿ.

ಮೇಲೆ ರಸಿಗೆ ಹೀರುವ ಪ್ಯಾಡ್ ಇಟ್ಟು ಬ್ಯಾಂಡೇಜ್ ಸುತ್ತಿ, ಬಿಗಿ ಬೇಡ. ಬಗೆಗೆ ತಕ್ಕಂತೆ 3 ಅಥವಾ 7 ದಿನಕ್ಕೆ ಬದಲಿಸುವ ಪಟ್ಟಿಗಳಿವೆ. ರಸಿಗೆ ಪ್ಯಾಡ್ ದಾಟಿ ಬಂದರೆ ಮೊದಲೇ ಬದಲಿಸಿ. ತೆಗೆಯುವಾಗ ಅಂಟಿಕೊಂಡಿದ್ದರೆ ಕೀಳಬೇಡಿ, ಹೊಸ ಚರ್ಮವೂ ಕಿತ್ತು ಬರುತ್ತದೆ. ಸ್ಟೆರೈಲ್ ನೀರು ಬಿಟ್ಟು ಕಾಯಿರಿ. ಎಂಆರ್‌ಐಗೆ ಹೋಗುವ ಮುನ್ನ ಪಟ್ಟಿ ಬಿಚ್ಚಿಸಬೇಕು.

ಬೆಳ್ಳಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆಯೇ ಹೊರತು ಚರ್ಮ ಬೆಳೆಸುವುದಿಲ್ಲ. ಹುಣ್ಣು ಬೇಗ ಮಾಯಲಿ ಎಂಬ ಕಾರಣಕ್ಕಷ್ಟೇ ಇದನ್ನು ಬಳಸಬೇಡಿ ಎಂದೇ ಮಧುಮೇಹ ಪಾದದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ಎರಡು ವಾರಕ್ಕೆ ಲೆಕ್ಕ ಹಾಕಿ: ಸೋಂಕು ಇಳಿದಿದ್ದರೆ ಮಾಮೂಲಿ ಡ್ರೆಸ್ಸಿಂಗ್ ಸಾಕು, ಇಳಿಯದಿದ್ದರೆ ಚಿಕಿತ್ಸೆಯೇ ಬದಲಾಗಬೇಕು. ಹುಣ್ಣಿನ ಮೇಲೆ ಮೈಭಾರ ಬೀಳದಂತೆ ಪ್ಲಾಸ್ಟರ್ ಅಥವಾ ವಿಶೇಷ ಪಾದರಕ್ಷೆ ಹಾಕದಿದ್ದರಂತೂ ಯಾವ ಪಟ್ಟಿಯೂ ಕೆಲಸಕ್ಕೆ ಬಾರದು. ಜ್ವರ, ಹುಣ್ಣಿನಂಚಿನಿಂದ 2 ಸೆಂ.ಮೀ. ದಾಟಿ ಹಬ್ಬುವ ಕೆಂಪು, ಕಪ್ಪಿಟ್ಟ ಬೆರಳು ಕಂಡರೆ ಪಟ್ಟಿ ಬದಲಿಸುವ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.