ಜಗಲಿಯ ಚದುರಂಗ, ಸ್ಪರ್ಧೆಯ ಚದುರಂಗ: ಹೊಸಬರಿಗೆ ನಿಯಮಗಳ ಪರಿಚಯ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಮನೆಗಳಿಗೆ ಚದುರಂಗ ಹೊಸ ಆಟವಲ್ಲ. ಮಳೆ ಬಿಡದ ಆಟಿ ತಿಂಗಳಲ್ಲಿ ಚೆನ್ನೆಮಣೆಯ ಜೊತೆಗೆ ಚದುರಂಗದ ಹಲಗೆಯೂ ಜಗಲಿಗೆ ಬರುವ ಮನೆಗಳು ಇಂದಿಗೂ ಇವೆ. ಆಟವನ್ನು ಕಲಿಸುವವರು ಹೆಚ್ಚಾಗಿ ಅಜ್ಜ, ಸೋದರಮಾವ ಅಥವಾ ಅಣ್ಣ. ಅವರಿಗೆ ಗೊತ್ತಿರುವ ನಿಯಮವೇ ಮಕ್ಕಳಿಗೂ ನಿಯಮವಾಗುತ್ತದೆ. ಅಲ್ಲಿಯವರೆಗೆ ತೊಂದರೆಯೇನಿಲ್ಲ. ಆದರೆ ಅದೇ ಮಗು ಶಾಲೆಯ ಪರವಾಗಿ ಉಪಜಿಲ್ಲಾ ಸ್ಪರ್ಧೆಗೆ ಹೋದಾಗ, ಮನೆಯಲ್ಲಿ ಯಾರೂ ಆಕ್ಷೇಪಿಸದ ನಡೆಗೆ ಎದುರಾಳಿ ಕೈಯೆತ್ತಿ ತೀರ್ಪುಗಾರರನ್ನು ಕರೆಯುತ್ತಾನೆ. ಆದುದರಿಂದ ಈ ಬರಹದಲ್ಲಿ ಎಲ್ಲ ನಿಯಮಗಳಿಗೂ ಒಂದೇ ತೂಕ ಕೊಟ್ಟಿಲ್ಲ. ಮನೆಯ ರೂಢಿಗೂ ಅಂತಾರಾಷ್ಟ್ರೀಯ ನಿಯಮಕ್ಕೂ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಹೆಚ್ಚು ಹೊತ್ತು ನಿಂತಿದ್ದೇನೆ.

ಈ ವ್ಯತ್ಯಾಸಗಳು ಯಾರದೋ ಅಜ್ಞಾನದಿಂದ ಹುಟ್ಟಿದವುಗಳಲ್ಲ. ಭಾರತದಲ್ಲಿ ಹಿಂದೆ ಆಡುತ್ತಿದ್ದ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸಾಗುತ್ತಿತ್ತು, ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವ ಇಂದಿನ ಕ್ಯಾಸ್ಲಿಂಗ್ ಇರಲಿಲ್ಲ, ರಾಜನಿಗೆ ಒಂದು ಬಾರಿ ಕುದುರೆಯಂತೆ ನೆಗೆಯುವ ಅವಕಾಶವಿರುತ್ತಿತ್ತು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಅಂತಹ ದೇಶೀ ನಿಯಮಗಳಲ್ಲಿಯೇ ಆಟ ಕಲಿತು, ಅನಂತರ ಪಾಶ್ಚಾತ್ಯ ನಿಯಮಗಳನ್ನು ಅಭ್ಯಾಸ ಮಾಡಿಕೊಂಡು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದವರು. ಇಂದು ಎಲ್ಲೆಡೆ ಸ್ಪರ್ಧೆಗಳಿಗೆ ಆಧಾರವಾಗಿರುವುದು 1924ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಚದುರಂಗ ಸಂಸ್ಥೆ ಫಿಡೆಯ ನಿಯಮಾವಳಿ.

ಹಲಗೆ ಮತ್ತು ಕಾಯಿಗಳು

ಹಲಗೆಯಲ್ಲಿ 64 ಮನೆಗಳಿವೆ. ಆಟಗಾರನ ಬಲಗೈ ಕಡೆಯ ಹತ್ತಿರದ ಮೂಲೆಯಲ್ಲಿ ಬಿಳಿ ಮನೆ ಬರುವಂತೆ ಹಲಗೆಯನ್ನು ಇಡಬೇಕು. ಬಿಳಿ ಕಾಯಿಯವನ ಎಡದಿಂದ ಬಲಕ್ಕೆ ಕಂಬಸಾಲುಗಳನ್ನು ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದೂ, ಅವನ ಕಡೆಯಿಂದ ಮುಂದಕ್ಕೆ ಅಡ್ಡಸಾಲುಗಳನ್ನು 1ರಿಂದ 8ರವರೆಗೂ ಗುರುತಿಸುತ್ತಾರೆ. ಎರಡು ಮೂಲೆಗಳಲ್ಲಿ ಆನೆ, ಅವುಗಳ ಪಕ್ಕದಲ್ಲಿ ಕುದುರೆ, ಅನಂತರ ಒಂಟೆ, ನಡುವೆ ಮಂತ್ರಿ ಮತ್ತು ರಾಜ, ಇವುಗಳ ಮುಂದೆ ಎಂಟು ಕಾಲಾಳುಗಳು. ಬಿಳಿ ಮಂತ್ರಿ ಬಿಳಿ ಮನೆಯಲ್ಲಿ, ಕಪ್ಪು ಮಂತ್ರಿ ಕಪ್ಪು ಮನೆಯಲ್ಲಿ ನಿಂತರೆ ಇಬ್ಬರು ರಾಜರೂ ಇ ಸಾಲಿನಲ್ಲಿ ಎದುರುಬದುರಾಗುತ್ತಾರೆ. ಇಬ್ಬರೂ ಮಂತ್ರಿಯನ್ನು ತಮ್ಮ ತಮ್ಮ ಎಡಗಡೆಗೆ ಇಟ್ಟುಕೊಳ್ಳುವ ರೂಢಿ ಕೆಲವು ಮನೆಗಳಲ್ಲಿದೆ. ಅದು ಸ್ಪರ್ಧೆಯಲ್ಲಿ ನಡೆಯುವುದಿಲ್ಲ.

ನಮ್ಮ ಜಿಲ್ಲೆಯ ಮಕ್ಕಳಿಗೆ ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು. ನಾವು ಆನೆ ಎನ್ನುವ ಮೂಲೆಯ ಕಾಯಿಯನ್ನು ಮಲಯಾಳದಲ್ಲಿ ತೇರು ಎನ್ನುತ್ತಾರೆ. ಅವರು ಆನ ಎಂದರೆ ನಮ್ಮ ಒಂಟೆ. ಮಲಯಾಳ ಮಾಧ್ಯಮದ ಮಕ್ಕಳೊಂದಿಗೆ ಆಡುವಾಗ ಹೆಸರಿನ ಬದಲು ಕಾಯಿಯನ್ನೇ ತೋರಿಸಿ ಮಾತನಾಡಿದರೆ ಗೊಂದಲ ಉಳಿಯುವುದಿಲ್ಲ.

ಆನೆ ನೇರವಾಗಿ, ಒಂಟೆ ಓರೆಯಾಗಿ, ಮಂತ್ರಿ ಎರಡೂ ರೀತಿಯಲ್ಲಿ, ದಾರಿ ತೆರವಿರುವಷ್ಟು ದೂರ ಸಾಗುತ್ತವೆ. ರಾಜ ಯಾವ ದಿಕ್ಕಿಗಾದರೂ ಒಂದು ಮನೆ ಸರಿಯುತ್ತಾನೆ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ತಿರುಗುತ್ತದೆ. ನಡುವೆ ಯಾವ ಕಾಯಿ ಇದ್ದರೂ ಹಾರಿ ದಾಟುತ್ತದೆ, ಹಾಗೆ ದಾಟಿದ ಕಾಯಿಯನ್ನು ಹೊಡೆಯುವುದಿಲ್ಲ. ಬಿಳಿ ಮನೆಯಲ್ಲಿರುವ ಕುದುರೆ ಪ್ರತಿ ಬಾರಿಯೂ ಕಪ್ಪು ಮನೆಗೇ ಹೋಗಿ ಇಳಿಯುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಿಕೊಟ್ಟರೆ ತಪ್ಪು ನೆಗೆತಗಳು ತಾವಾಗಿ ಕಡಿಮೆಯಾಗುತ್ತವೆ. ಒಂದೇ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಬಾರಿ ನಡೆಸುವ ಬಂಧಗಳಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ವಿಶೇಷ ಆಸಕ್ತಿಯಿತ್ತು. ಖಾಲಿ ಹಲಗೆಯ ಮೇಲೆ ಅದನ್ನು ಪ್ರಯತ್ನಿಸುವುದು ಕುದುರೆಯ ನಡೆಗೆ ಒಳ್ಳೆಯ ಅಭ್ಯಾಸ.

ಕಾಲಾಳು

ಅತ್ಯಂತ ಸಣ್ಣ ಕಾಯಿಗೆ ಅತ್ಯಂತ ಹೆಚ್ಚು ನಿಯಮಗಳಿವೆ. ಕಾಲಾಳು ಮುಂದಕ್ಕೆ ಮಾತ್ರ ನಡೆಯುತ್ತದೆ, ಆದರೆ ಓರೆಯಾಗಿ ಮುಂದಿನ ಮನೆಯಲ್ಲಿರುವ ಕಾಯಿಯನ್ನು ಮಾತ್ರ ಹೊಡೆಯುತ್ತದೆ. ಆರಂಭದ ಮನೆಯಲ್ಲಿ ನಿಂತಿರುವ ಪ್ರತಿಯೊಂದು ಕಾಲಾಳಿಗೂ, ಆಟದ ಯಾವ ಹಂತದಲ್ಲಿಯಾದರೂ, ಎದುರಿನ ಎರಡು ಮನೆಗಳು ಖಾಲಿಯಿದ್ದರೆ ಒಂದರ ಬದಲು ಎರಡು ಮನೆ ಸಾಗುವ ಹಕ್ಕಿದೆ. ಆಟದ ಮೊದಲ ನಡೆಯಲ್ಲಿ ಎರಡು ಕಾಲಾಳುಗಳನ್ನು ಒಂದೊಂದು ಮನೆ ಸರಿಸುವ ರೂಢಿಯನ್ನು ಹಲವರು ಕಲಿತಿರುತ್ತಾರೆ. ಅಂತಹ ನಿಯಮ ಇಲ್ಲ. ಒಂದು ನಡೆಯೆಂದರೆ ಒಂದು ಕಾಯಿ, ಕ್ಯಾಸ್ಲಿಂಗ್ ಒಂದನ್ನು ಬಿಟ್ಟು.

ಎರಡು ಮನೆ ಸಾಗುವ ಈ ಹಕ್ಕಿನಿಂದಲೇ ಎನ್ ಪಾಸಾಂ ಎಂಬ ನಿಯಮ ಹುಟ್ಟಿತು. ಮೊದಲ ಬಾರಿ ಇದನ್ನು ಕಂಡವರಿಗೆ ಎದುರಾಳಿ ಮೋಸ ಮಾಡಿದನೆಂದೇ ಅನಿಸುತ್ತದೆ. ಹಲಗೆಯಲ್ಲಿ ಇಟ್ಟೇ ನೋಡಿ: ಬಿಳಿ ಕಾಲಾಳು ಇ5ರಲ್ಲಿದೆ, ಕಪ್ಪು ಕಾಲಾಳು ಡಿ7ರಲ್ಲಿದೆ. ಕಪ್ಪು ಒಂದೇ ಮನೆ ಸಾಗಿ ಡಿ6ಕ್ಕೆ ಬಂದಿದ್ದರೆ ಬಿಳಿ ಅದನ್ನು ಹೊಡೆಯಬಹುದಾಗಿತ್ತು. ಅದನ್ನು ತಪ್ಪಿಸಿಕೊಂಡು ಎರಡು ಮನೆ ಹಾರಿ ಡಿ5ರಲ್ಲಿ ಬಿಳಿ ಕಾಲಾಳಿನ ಪಕ್ಕಕ್ಕೆ ಬಂದು ನಿಂತಿದೆ. ಆಗ ಬಿಳಿ, ಕಪ್ಪು ಒಂದೇ ಮನೆ ಬಂದಿದೆ ಎಂದು ಎಣಿಸಿ, ತನ್ನ ಕಾಲಾಳನ್ನು ಖಾಲಿಯಿರುವ ಡಿ6ಕ್ಕೆ ಇಟ್ಟು, ಡಿ5ರ ಕಪ್ಪು ಕಾಲಾಳನ್ನು ಹಲಗೆಯಿಂದ ತೆಗೆಯಬಹುದು. ಈ ಅವಕಾಶ ಮರುನಡೆಗೆ ಮಾತ್ರ. ನಡುವೆ ಬೇರೆ ಒಂದು ನಡೆ ಆಡಿದರೆ ಹಕ್ಕು ಮುಗಿಯಿತು. ಕಾಲಾಳನ್ನು ಕಾಲಾಳು ಮಾತ್ರ ಹೀಗೆ ಹೊಡೆಯಬಲ್ಲದು.

ಕೊನೆಯ ಸಾಲನ್ನು ಮುಟ್ಟಿದ ಕಾಲಾಳು ಅದೇ ನಡೆಯಲ್ಲಿ ಮಂತ್ರಿ, ಆನೆ, ಒಂಟೆ, ಕುದುರೆ ಇವುಗಳಲ್ಲಿ ಒಂದಾಗಲೇಬೇಕು. ರಾಜನಾಗುವಂತಿಲ್ಲ, ಕಾಲಾಳಾಗಿ ಉಳಿಯುವಂತಿಲ್ಲ. ಹಳೆಯ ಆಟದಲ್ಲಿ ಯಾವ ಸಾಲಿನಲ್ಲಿ ತಲುಪಿತೋ ಆ ಸಾಲಿನ ಕಾಯಿಯೇ ಆಗಬೇಕೆಂಬ ಕಟ್ಟಳೆಯಿತ್ತು. ಹೊಡೆಸಿಕೊಂಡ ಕಾಯಿಯನ್ನು ಮಾತ್ರ ಮರಳಿ ಪಡೆಯಬಹುದೆಂದು ಈಗಲೂ ಹಲವರು ನಂಬಿದ್ದಾರೆ. ಎರಡೂ ಇಂದಿನ ನಿಯಮವಲ್ಲ. ನಿಮ್ಮ ಮಂತ್ರಿ ಹಲಗೆಯಲ್ಲಿಯೇ ಇರುವಾಗ ಇನ್ನೊಂದು ಮಂತ್ರಿಯನ್ನು ಪಡೆಯಬಹುದು. ಎರಡನೆಯ ಮಂತ್ರಿ ಕೈಗೆ ಸಿಗದಾಗ ಆನೆಯನ್ನು ತಲೆಕೆಳಗಾಗಿ ನಿಲ್ಲಿಸಿ ಮಂತ್ರಿಯೆನ್ನುವುದು ಮನೆಯಲ್ಲಿ ಸರಿ. ಸ್ಪರ್ಧೆಯಲ್ಲಿ ಅದು ಆನೆಯೇ ಆಗಿ ಉಳಿಯುತ್ತದೆ. ಅಲ್ಲಿ ಇಬ್ಬರ ಸಮಯವನ್ನೂ ಅಳೆಯುವ ಆಟದ ಗಡಿಯಾರವನ್ನು ನಿಲ್ಲಿಸಿ ತೀರ್ಪುಗಾರರಿಂದ ಮಂತ್ರಿಯನ್ನು ಕೇಳಿ ಪಡೆಯಬೇಕು.

ಚೆಕ್ ಮತ್ತು ಕ್ಯಾಸ್ಲಿಂಗ್

ರಾಜನ ಮೇಲೆ ದಾಳಿಯಾದರೆ ಅದು ಚೆಕ್. ಅದಕ್ಕೆ ಉತ್ತರ ಮೂರೇ ಬಗೆ: ರಾಜನನ್ನು ಸರಿಸುವುದು, ನಡುವೆ ಕಾಯಿ ಅಡ್ಡ ಇಡುವುದು, ದಾಳಿ ಮಾಡಿದ ಕಾಯಿಯನ್ನು ಹೊಡೆಯುವುದು. ಕುದುರೆಯ ಚೆಕ್ಕಿಗೆ ಅಡ್ಡ ಇಡಲು ಬರುವುದಿಲ್ಲ. ಎರಡು ಕಾಯಿಗಳು ಒಟ್ಟಿಗೆ ಚೆಕ್ ಕೊಟ್ಟಿದ್ದರೆ ರಾಜ ಸರಿಯದೆ ವಿಧಿಯಿಲ್ಲ. ಮೂರರಲ್ಲಿ ಯಾವುದೂ ಸಾಧ್ಯವಾಗದಿದ್ದರೆ ಚೆಕ್‌ಮೇಟ್, ಆಟ ಅಲ್ಲಿಗೆ ಮುಗಿಯಿತು. ‘ಚೆಕ್’ ಎಂದು ಬಾಯಲ್ಲಿ ಹೇಳುವುದು ಕಡ್ಡಾಯವಲ್ಲ. ಎದುರಾಳಿ ಚೆಕ್ಕನ್ನು ಗಮನಿಸದೆ ಬೇರೆ ನಡೆ ಆಡಿದರೆ ರಾಜನನ್ನು ಹೊಡೆದು ಗೆದ್ದೆ ಎನ್ನುವಂತಿಲ್ಲ; ಅದು ತಪ್ಪು ನಡೆ, ಅದನ್ನು ಹಿಂದಕ್ಕೆ ತರಿಸಬೇಕು. ಇನ್ನೊಂದು ಸಂಶಯ ಪದೇಪದೇ ಬರುತ್ತದೆ: ತನ್ನ ರಾಜನಿಗೆ ಅಡ್ಡವಾಗಿ ನಿಂತಿರುವುದರಿಂದ ಕದಲಲಾಗದ ಕಾಯಿ ಎದುರು ರಾಜನಿಗೆ ಚೆಕ್ ಕೊಡಬಲ್ಲುದೇ? ಕೊಡಬಲ್ಲುದು. ಆದ್ದರಿಂದ ಅಂತಹ ಕಾಯಿಯ ದಾಳಿಯಿರುವ ಮನೆಗೂ ರಾಜ ಹೋಗುವಂತಿಲ್ಲ.

ಕ್ಯಾಸ್ಲಿಂಗ್‌ನಲ್ಲಿ ರಾಜ ಆನೆಯ ಕಡೆಗೆ ಎರಡು ಮನೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಪಕ್ಕದ ಮನೆಗೆ ಬರುತ್ತದೆ. ಬಿಳಿಗೆ ಅದು ರಾಜ ಜಿ1, ಆನೆ ಎಫ್1. ಅಥವಾ ಇನ್ನೊಂದು ಕಡೆ ರಾಜ ಸಿ1, ಆನೆ ಡಿ1. ಆ ರಾಜನಾಗಲಿ ಆ ಆನೆಯಾಗಲಿ ಒಮ್ಮೆಯೂ ನಡೆದಿರಬಾರದು. ನಡೆದು ಮೊದಲಿನ ಮನೆಗೆ ಮರಳಿದ್ದರೂ ಹಕ್ಕು ಹೋಯಿತು. ನಡುವಿನ ಮನೆಗಳು ಖಾಲಿಯಿರಬೇಕು. ರಾಜ ನಿಂತಿರುವ ಮನೆ, ದಾಟುವ ಮನೆ, ತಲುಪುವ ಮನೆ ಈ ಮೂರರ ಮೇಲೂ ಎದುರಾಳಿಯ ದಾಳಿ ಇರಬಾರದು. ಇಲ್ಲಿ ನಿಯಮವನ್ನು ಇದ್ದುದಕ್ಕಿಂತ ಬಿಗಿಯಾಗಿ ಕಲಿಸಿರುವವರೇ ಹೆಚ್ಚು. ಹಿಂದೊಮ್ಮೆ ಚೆಕ್ ಆಗಿತ್ತು ಎಂಬ ಕಾರಣಕ್ಕೆ, ರಾಜ ಕದಲದಿದ್ದರೆ, ಕ್ಯಾಸ್ಲಿಂಗ್ ಹಕ್ಕು ಹೋಗುವುದಿಲ್ಲ. ಆನೆಯ ಮೇಲೆ ದಾಳಿಯಿದ್ದರೂ ಕ್ಯಾಸ್ಲಿಂಗ್ ಮಾಡಬಹುದು. ಮಂತ್ರಿಯ ಕಡೆಗೆ ಮಾಡುವಾಗ ಆನೆ ಮಾತ್ರ ದಾಟುವ ಬಿ1ರ ಮೇಲೆ ದಾಳಿಯಿದ್ದರೂ ಅಡ್ಡಿಯಿಲ್ಲ. ಒಂದೇ ಕೈಯಿಂದ, ಮೊದಲು ರಾಜನನ್ನು ಮುಟ್ಟಿ ಮಾಡಬೇಕು. ಮೊದಲು ಆನೆಯನ್ನು ಮುಟ್ಟಿದರೆ ಆ ನಡೆಯಲ್ಲಿ ಆ ಕಡೆಗೆ ಕ್ಯಾಸ್ಲಿಂಗ್ ಇಲ್ಲ.

ಗೆಲ್ಲುವ ಆಟ ಸಮವಾಗುವುದು

ಹೊಸಬರು ಅತ್ಯಂತ ಹೆಚ್ಚು ಬೇಸರಪಡುವುದು ಸ್ಟೇಲ್‌ಮೇಟ್‌ನ ಬಗ್ಗೆ. ನಡೆಯಬೇಕಾದವನ ರಾಜನಿಗೆ ಚೆಕ್ ಇಲ್ಲ, ಆದರೆ ಅವನಿಗೆ ನಿಯಮಬದ್ಧವಾದ ಒಂದು ನಡೆಯೂ ಉಳಿದಿಲ್ಲ: ಆಗ ಆಟ ಸಮ, ಇಬ್ಬರಿಗೂ ಅರ್ಧ ಅಂಕ. ಕಪ್ಪು ರಾಜನನ್ನು ಎಚ್8ರಲ್ಲಿ ಒಂಟಿಯಾಗಿ ನಿಲ್ಲಿಸಿ. ಬಿಳಿ ರಾಜನನ್ನು ಎಫ್6ರಲ್ಲಿ, ಬಿಳಿ ಮಂತ್ರಿಯನ್ನು ಜಿ5ರಲ್ಲಿ ಇಡಿ. ಬಿಳಿಯ ಸರದಿ. ಮಂತ್ರಿ ಜಿ7ಕ್ಕೆ ಹೋದರೆ ಚೆಕ್‌ಮೇಟ್, ಏಕೆಂದರೆ ಅದಕ್ಕೆ ತನ್ನ ರಾಜನ ಬೆಂಬಲವಿದೆ, ಕಪ್ಪು ರಾಜನಿಗೆ ಓಡಲು ಜಾಗವಿಲ್ಲ. ಅದೇ ಮಂತ್ರಿ ಒಂದು ಮನೆ ಹಿಂದೆ, ಜಿ6ರಲ್ಲಿ ನಿಂತುಬಿಟ್ಟರೆ ಜಿ8, ಜಿ7, ಎಚ್7 ಮೂರೂ ಮುಚ್ಚಿಹೋಗುತ್ತವೆ, ಆದರೆ ಎಚ್8ರ ಮೇಲೆ ದಾಳಿಯಿಲ್ಲ. ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ಮುಗಿಸಿದವನಿಗೂ ಆಗ ಸಿಗುವುದು ಅರ್ಧ ಅಂಕವೇ. ಮಂತ್ರಿಯೊಂದಿಗೆ ಒಂಟಿ ರಾಜನನ್ನು ಹಿಡಿಯುವಾಗ, ಕಾಯಿಯನ್ನು ಮುಟ್ಟುವ ಮೊದಲು ‘ಈ ನಡೆಯ ಬಳಿಕ ಅವನಿಗೆ ಹೋಗಲು ಮನೆ ಇದೆಯೇ?’ ಎಂದು ಪ್ರತಿ ಬಾರಿ ಕೇಳಿಕೊಳ್ಳುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು.

ರಾಜನೊಬ್ಬನೇ ಉಳಿದೊಡನೆ ‘ಇಷ್ಟು ನಡೆಯೊಳಗೆ ಮುಗಿಸು’ ಎಂದು ಎಣಿಸಲು ತೊಡಗುವುದು ಜಗಲಿಯ ಆಟದ ರೂಢಿ. ಫಿಡೆ ನಿಯಮದಲ್ಲಿರುವುದು ಐವತ್ತು ನಡೆಗಳ ಲೆಕ್ಕ: ಇಬ್ಬರೂ ಐವತ್ತೈವತ್ತು ನಡೆ ಆಡಿದರೂ ಒಂದು ಕಾಲಾಳೂ ಕದಲದೆ, ಒಂದು ಕಾಯಿಯೂ ಹೊಡೆಯಲ್ಪಡದೆ ಇದ್ದರೆ ಆಟಗಾರ ಸಮವೆಂದು ಹಕ್ಕು ಸಾಧಿಸಬಹುದು. ಅದೇ ಸ್ಥಿತಿ, ಅದೇ ಆಟಗಾರನ ಸರದಿಯಲ್ಲಿ ಮೂರು ಬಾರಿ ಬಂದರೂ ಹೀಗೆಯೇ ಕೇಳಬಹುದು. ಆ ಮೂರು ಬಾರಿ ಒಂದರ ಹಿಂದೊಂದು ಬರಬೇಕೆಂದಿಲ್ಲ. ಕೇಳದಿದ್ದರೆ ಆಟ ಮುಂದುವರಿಯುತ್ತದೆ; ಐದು ಬಾರಿ ಅದೇ ಸ್ಥಿತಿ ಬಂದರೆ ಅಥವಾ ಅಂತಹ ನಡೆಗಳು ಎಪ್ಪತ್ತೈದಾದರೆ ಯಾರೂ ಕೇಳದೆಯೂ ಆಟ ಸಮವಾಗುತ್ತದೆ. ಎರಡು ರಾಜರು ಮಾತ್ರ, ಅಥವಾ ಒಬ್ಬನ ಬಳಿ ರಾಜನ ಜೊತೆ ಒಂದೇ ಒಂಟೆ ಅಥವಾ ಒಂದೇ ಕುದುರೆ ಉಳಿದು ಇನ್ನೊಬ್ಬನ ಬಳಿ ರಾಜ ಮಾತ್ರ ಇದ್ದರೆ ಚೆಕ್‌ಮೇಟ್ ಅಸಾಧ್ಯವಾದುದರಿಂದ ಆಟ ಕೂಡಲೇ ಸಮ.

ಕೈ ಮತ್ತು ಗಡಿಯಾರ

ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಎದುರಾಳಿಯ ಕಾಯಿಯನ್ನು ಮುಟ್ಟಿದರೆ, ಸಾಧ್ಯವಿದ್ದಲ್ಲಿ, ಹೊಡೆಯಲೇಬೇಕು. ಅಂಗಿಯ ತೋಳು ತಗುಲಿ ಕಾಯಿ ಬಿದ್ದರೆ ಅದು ಮುಟ್ಟಿದ ಲೆಕ್ಕವಲ್ಲ, ಉದ್ದೇಶಪೂರ್ವಕವಾಗಿ ಮುಟ್ಟಿರಬೇಕು. ಓರೆಯಾಗಿ ನಿಂತ ಕಾಯಿಯನ್ನು ನೆಟ್ಟಗೆ ಮಾಡಬೇಕಿದ್ದರೆ ತನ್ನ ಸರದಿಯಲ್ಲಿ, ‘ಸರಿಪಡಿಸುತ್ತೇನೆ’ ಎಂದು ಮೊದಲೇ ಹೇಳಿ ಕೈಯಿಡಬೇಕು. ಮನೆಯಲ್ಲಿ ಮಕ್ಕಳಿಗೆ ನಡೆ ಹಿಂದೆ ಪಡೆಯಲು ಬಿಡುವುದು ಕಲಿಕೆಯ ಮೊದಲ ಕೆಲವು ವಾರಗಳಿಗೆ ಸಾಕು; ಅನಂತರವೂ ಬಿಟ್ಟರೆ ಕೈ ಮುಂದೆ, ಯೋಚನೆ ಹಿಂದೆ ಎಂಬಂತಾಗುತ್ತದೆ.

ಗಡಿಯಾರವನ್ನು ಕಾಯಿ ನಡೆಸಿದ ಕೈಯಿಂದಲೇ ಒತ್ತಬೇಕು. ಸಮಯ ಮುಗಿದವನು ಸೋಲುತ್ತಾನೆ. ಆದರೆ ಎದುರಾಳಿಗೆ ಯಾವ ರೀತಿಯಿಂದಲೂ ಚೆಕ್‌ಮೇಟ್ ಮಾಡಲು ಸಾಧ್ಯವಿಲ್ಲದ ಸ್ಥಿತಿಯಿದ್ದರೆ ಆಟ ಸಮ. ನಿಯಮಕ್ಕೆ ವಿರುದ್ಧವಾದ ನಡೆ ಆಡಿ ಗಡಿಯಾರ ಒತ್ತಿದರೆ ಸ್ಥಿತಿಯನ್ನು ಹಿಂದಕ್ಕೆ ತಂದು ಎದುರಾಳಿಗೆ ಎರಡು ನಿಮಿಷ, ಕೆಲವೇ ನಿಮಿಷಗಳಲ್ಲಿ ಮುಗಿಯುವ ಬ್ಲಿಟ್ಜ್ ಆಟದಲ್ಲಿ ಒಂದು ನಿಮಿಷ, ಹೆಚ್ಚು ಕೊಡುತ್ತಾರೆ. ಎರಡನೆಯ ಬಾರಿ ಅಂತಹ ತಪ್ಪಾದರೆ ಸಾಮಾನ್ಯವಾಗಿ ಆಟವೇ ಹೋಗುತ್ತದೆ.

ಆಟದ ನಡುವೆ ಸಂಶಯ ಬಂದರೆ ಎದುರಾಳಿಯೊಂದಿಗೆ ವಾದಿಸಬಾರದು, ಕೋಣೆಯ ಬಾಗಿಲಲ್ಲಿ ನಿಂತಿರುವ ಮಾಸ್ತರರನ್ನೋ ಹೆತ್ತವರನ್ನೋ ನೋಡಬಾರದು. ಹೊರಗಿನವರು ಕಣ್ಸನ್ನೆ ಮಾಡಿದರೂ ಅದು ನೆರವೆಂದೇ ಎಣಿಕೆಯಾಗುತ್ತದೆ. ಗಡಿಯಾರ ನಿಲ್ಲಿಸಿ, ಕೈಯೆತ್ತಿ, ತೀರ್ಪುಗಾರರು ಬರುವವರೆಗೆ ಹಲಗೆಯ ಮೇಲಿನ ಯಾವ ಕಾಯಿಯನ್ನೂ ಮುಟ್ಟದೆ ಕಾಯಬೇಕು, ಅವರು ಬಂದ ಮೇಲೆ ಕೊನೆಯ ನಡೆ ಯಾವುದಾಗಿತ್ತು ಎಂಬುದನ್ನು ನಡೆಗಳನ್ನು ಬರೆದಿಟ್ಟ ಹಾಳೆಯಿಂದಲೇ ತೋರಿಸಬೇಕು.