ಪಡುವಲ ಗಾಳಿ ಸಿಗೋತನಕ ಹೆಸರಿಲ್ಲ: ಸಿಂಧನೂರಾಗ ಕುಂತು ರೆಕಾನ್ ಡೇಟಾ ಓದಿದ ನನ್ನ ಅನುಭವ

ನಮ್ಮ ಚಂಡಮಾರುತ ನೋಡೋ ಗ್ರೂಪಿನ್ಯಾಗ ಇಷ್ಟು ದಿನ ನನ್ನ ಲೆಕ್ಕಕ್ಕ ನಗಿ ಮಾಡಿದವ್ರು ಈಗ ಗಾಳಿ ದಿಕ್ಕಿನ ಪ್ಲಾಟ್ ಕಳ್ಸು ಪ್ಲಾಟ್ ಕಳ್ಸು ಅಂತ ಬೆನ್ನು ಹತ್ಯಾರ, ಅದಕ್ಕ ಒಮ್ಮೆಲೇ ಬರ್ದು ಹಾಕ್ತೀನಿ. ಬಿರುಗಾಳಿಯೊಳಗ ಹೋಗಿ ಅಳೆಯೋ ವಿಮಾನದ ಕೆಲಸಕ್ಕ ರೆಕಾನ್ ಅಂತಾರ, ಅದು ಕಳ್ಸೋ ಗಾಳಿ, ಪ್ರೆಶರಿನ ಸಾಲುಗಳಿಗೆ ಎಚ್‌ಡಿಒಬಿ ಅಂತಾರ, ಇನ್ನೂ ಹೆಸರು ಬರದೆ ಕಣ್ಣಿಟ್ಟು ನೋಡ್ತಿರೋ ಸಿಸ್ಟಂಗೆ ಇನ್ವೆಸ್ಟ್ ಅಂತಾರ, ಅದಕ್ಕಿಂತ ಹೆಚ್ಚು ಹೇಳ್ಕೋತ ಕೂಡಂಗಿಲ್ಲ. ನಾ ಹೇಳೋದು ಒಂದೇ ಮಾತು. ಅಟ್ಲಾಂಟಿಕ್ನ್ಯಾಗ ಒಂದು ಸಿಸ್ಟಂ ಇವತ್ತು ಟ್ರಾಪಿಕಲ್ ಸ್ಟಾರ್ಮ್ (ಹೆಸರು ಸಿಗೋ ಮಟ್ಟದ ಬಿರುಗಾಳಿ) ಅನ್ನಿಸ್ಕೊಳ್ತೈತೋ ಇಲ್ಲೋ ಅಂತ ಹೇಳಬೇಕಾದ್ರ ವಿಮಾನ ತಂದ ಮ್ಯಾಕ್ಸ್ ವಿಂಡ್ ಕಾಲಂ ಮುಚ್ಚಿಟ್ಟು ದಿಕ್ಕಿನ ಕಾಲಂ ಓದ್ರಿ. ದಕ್ಷಿಣ ಬದಿಗೆ ಪಡುವಲ ಗಾಳಿ, ಅಂದ್ರ ಪಶ್ಚಿಮದಿಂದ ಬೀಸೋ ಗಾಳಿ, ಇಲ್ಲ ಅಂದ್ರ ಹೆಸರಿಲ್ಲ.

ಮಿಸಿಸಿಪ್ಪಿಯ ಕೀಸ್ಲರ್ ನೆಲೆಯಿಂದ ಅಮೆರಿಕ ವಾಯುಪಡೆಯ 53ನೇ ಸ್ಕ್ವಾಡ್ರನ್ನಿನ ಡಬ್ಲ್ಯೂಸಿ-130ಜೆ ಹಾರಲಿ, ಇಲ್ಲಾ ಅಲ್ಲಿನ ಸಾಗರ-ಹವಾಮಾನ ಸಂಸ್ಥೆ ನೋವಾದ ಪಿ-3 ಹಾರಲಿ, ಅವ್ರ 12ಝಡ್ (ಗ್ರೀನಿಚ್ ಟೈಮ್ 12 ಗಂಟೆ) ಅಂದ್ರ ನಮಗ ಸಂಜಿ ಐದೂವರಿ, 18ಝಡ್ ಅಂದ್ರ ರಾತ್ರಿ ಹನ್ನೊಂದೂವರಿ. ಹಗಲು ಭತ್ತದ ವ್ಯವಹಾರ ಮುಗ್ಸಿ ಬಂದವ್ನಿಗೆ ಇದಕ್ಕಿಂತ ಚಲೋ ಟೈಮ್ ಇಲ್ಲ. ಅರ್ಧ ನಿಮಿಷಕ್ಕೊಂದು ಸಾಲು, ಹತ್ತು ನಿಮಿಷಕ್ಕ 20 ಸಾಲಿನ ಒಂದು ಮೆಸೇಜು, ಪುಕ್ಕಟೆ. ಇಷ್ಟು ಪುಕ್ಕಟೆ ಇದ್ದದ್ದನ್ನ ಓದೋದು ಬಿಟ್ಟು ನಾನು ಸುರುವಿಗೆ ಒಂದು ಆ್ಯಪ್‌ಗೆ ವರ್ಷಕ್ಕ ನಾಕು ಸಾವಿರದ ಹತ್ರ ಕಟ್ಟಿದ್ದೆ, ಅದು ಗಾಳಿ ಸ್ಪೀಡಿಗೆ ಬಣ್ಣ ಹಚ್ಚಿ ತೋರಿಸ್ತಿತ್ತು ಅಷ್ಟ, ಕೆಂಪು ಕಂಡ ಕೂಡ್ಲೇ ಗ್ರೂಪಿನ್ಯಾಗ ಎಲ್ಲಾರೂ ಸ್ಟಾರ್ಮ್ ಸ್ಟಾರ್ಮ್ ಅಂತ ಕುಣಿಯೋರು.

ಎಕ್ಸೆಲ್ ಹಾದಿ ಹಿಡದದ್ದು ಆಮ್ಯಾಲೆ. ಅದೂ ಕೈ ಕೊಡ್ತು. ಒಂದು, ಅಕ್ಷಾಂಶದ ಕಾಲಮ್ಮಿನ 1545N ಅಂದ್ರ 15 ಡಿಗ್ರಿ 45 ನಿಮಿಷ, 15.45 ಅಲ್ಲ, ಹಂಗ ಹಾಕಿದ್ರ ಪ್ಲಾಟ್‌ನ್ಯಾಗ ವಿಮಾನ ಡಿಗ್ರಿಗೊಮ್ಮೆ ಜಿಗೀತೈತಿ. ಎರಡನೇದು ದೊಡ್ಡದು, ದಿಕ್ಕಿನ ಸರಾಸರಿ. 350 ಡಿಗ್ರಿ ಮತ್ತ 10 ಡಿಗ್ರಿ ಎರಡೂ ಬಡಗಣ ಗಾಳಿ, ಎಕ್ಸೆಲ್ ಅವೆರಡರ ಆವರೇಜ್ 180 ಅಂತ ತೆಂಕಣ ಗಾಳಿ ಮಾಡಿ ಕೊಡ್ತೈತಿ. ಗಾಳೀನ ಪೂರ್ವ-ಪಶ್ಚಿಮ (ಯು), ಉತ್ತರ-ದಕ್ಷಿಣ (ವಿ) ಅಂತ ಎರಡು ಪಾಲು ಮಾಡದ ಹೊರ್ತು ಗತಿ ಇಲ್ಲ. ಅದಕ್ಕ ಹದಿನಾಕು ಸಾವಿರ ಕೊಟ್ಟು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ, ಪೈಥಾನ್ ಕಲ್ತೆ, ಕರೆಂಟ್ ಹೋಗೋದು ನಿಮಗ ಗೊತ್ತೇ ಐತಿ, ಇನ್ವರ್ಟರ್ ಬ್ಯಾಟರಿ ಬ್ಯಾರೆ ಬದಲಿ ಮಾಡಿಸ್ದೆ, ಎಲ್ಲಾ ಸೇರಿ ಮೂವತ್ತು ಸಾವಿರದ ಮ್ಯಾಲೆ ಹೋಗೈತಿ. ಮನ್ಯಾಗ ಇದಕ್ಕ ಏನಂದ್ರು ಅನ್ನೋದು ಬ್ಯಾಡ ಬಿಡ್ರಿ.

ಈಗ ಗಾಳಿಗೆ ಬರೋಣ. ಪೂರ್ವದಿಂದ ಪಶ್ಚಿಮಕ್ಕ 20 ನಾಟ್‌ನ್ಯಾಗ (ಒಂದು ನಾಟ್ ಅಂದ್ರ ತಾಸಿಗೆ 1.85 ಕಿಲೋಮೀಟರ್) ಓಡೋ ಗಾಳಿಯ ಒಂದು ಅಲೆ ತಗೋರಿ. ಅದ್ರೊಳಗಿನ ಸುತ್ತು 15 ನಾಟ್ ಇದ್ರೂ ಉತ್ತರ ಬದಿಗೆ ಎರಡೂ ಕೂಡಿ 35 ನಾಟ್ ಮೂಡಲ ಗಾಳಿ ಆಗ್ತೈತಿ, ಅಲ್ಲೇ ವಿಮಾನ ಹೋಗಿ 35 ಅಂತ ಬರೀತೈತಿ, ಗ್ರೂಪು ಕುಣೀತೈತಿ. ದಕ್ಷಿಣ ಬದಿಗೆ 15ರಾಗ 20 ಕಳೀರಿ, ಇನ್ನೂ 5 ನಾಟ್ ಮೂಡಲ ಗಾಳೀನೇ ಉಳೀತೈತಿ. ಗಾಳಿ ಸೆಂಟರಿನ ಸುತ್ತ ಪೂರಾ ತಿರುಗಿಲ್ಲ, ಅಂದ್ರ ಸುತ್ತು ಮುಚ್ಚಿಲ್ಲ. 34 ನಾಟ್ ದಾಟಿದ್ರೂ ಅದು ಸ್ಟಾರ್ಮ್ ಅಲ್ಲ. 2022ರ ಬಾನಿ ಸ್ಟಾರ್ಮ್ ನೆನಪು ಮಾಡ್ಕೋರಿ. ಜೂನ್ ಕೊನೀಗೆ ಪೊಟೆನ್ಶಿಯಲ್ ಟ್ರಾಪಿಕಲ್ ಸೈಕ್ಲೋನ್ (ಮುಂದ ಸೈಕ್ಲೋನ್ ಆಗಬಹುದಾದ್ದು) ಟೂ ಅಂತ ನಂಬರ್ ಹಚ್ಕೊಂಡು ದಿನಗಟ್ಟಲೆ ಕೆರಿಬಿಯನ್ನಿನ ದಕ್ಷಿಣದ ಅಂಚು ಹಿಡದು ಓಡ್ತು, ಗಾಳಿ 35 ನಾಟ್ ಹತ್ರ ಇತ್ತು, ಹೆಸರು ಬಂದದ್ದು ಜುಲೈ 1ಕ್ಕ, ನಿಕರಾಗುವಾ-ಕೋಸ್ಟರಿಕಾ ಗಡಿ ಮುಟ್ಟೋ ಹೊತ್ತಿಗೆ. ಆ ದಿನಗಳಾಗ ಗ್ರೂಪಿನ್ಯಾಗ ದಿನಾ "ಇವತ್ತು ಬಾನಿ ಪಕ್ಕಾ" ಅಂತ ಬರ್ತಿತ್ತು, ನಾ ದಿನಾ "ಇವತ್ತಿಲ್ಲ" ಅಂತಿದ್ದೆ. "ಅಣ್ಣ, ನೀವು ಭತ್ತ ಅಳೀರಿ" ಅಂದ ಒಬ್ಬ ಹುಡುಗ. ಈಗ ಅವನೇ ನನ್ನ ಕೋಡ್ ಕೇಳಾಕತ್ತಾನ.

ನಾ ಮಾಡೋದು ಇಷ್ಟ. ವಿಮಾನ ಉತ್ತರದಿಂದ ದಕ್ಷಿಣಕ್ಕ ಸಿಸ್ಟಂ ಸೀಳ್ಕೊಂಡು ಹೋಗೋ ಲೆಗ್ (ಹಾರಾಟದ ತುಂಡು) ಆರಿಸ್ಕೋತೀನಿ. ದಿಕ್ಕು 080, 090 (ಮೂಡಲ) ಬರ್ತಿದ್ದದ್ದು ಸ್ಪೀಡ್ ಇಳದು ಇಳದು ಐದಾರು ನಾಟ್‌ಗೆ ಬಂದು ಆಮ್ಯಾಲೆ 250, 270 (ಪಡುವಲ) ಅಂತ ತಿರುಗಿ ಹತ್ತು ನಾಟ್ ಮ್ಯಾಲೆ ಏರ್ಬೇಕು, ಏರಿದ್ದು ಒಂದೆರಡು ಸಾಲಲ್ಲ, ಕಮ್ಮಿ ಅಂದ್ರೂ ಆರೇಳು ನಿಮಿಷ ನಿಲ್ಬೇಕು. ಒಂದು ಗುಡುಗುಮೋಡದ ಕೆಳಗಿನ ಗಾಳಿ ಎರಡು ನಿಮಿಷ ಪಡುವಲ ಆಗಿ ಮೋಸ ಮಾಡ್ತೈತಿ, ಅದನ್ನ ಹಿಡಿಯೋ ಫಿಲ್ಟರ್ ನನ್ನ ಹತ್ರ ಐತಿ, ಡ್ಯೂ ಪಾಯಿಂಟ್ (ಗಾಳಿಯ ತೇವದ ಅಳತಿ) ಕಾಲಮ್ಮಿಗೂ ಅದಕ್ಕೂ ಸಂಬಂಧ ಐತಿ, ಅಷ್ಟ ಹೇಳ್ತೀನಿ, ಪೂರಾ ಹೇಳಂಗಿಲ್ಲ. ವಿಮಾನದಿಂದ ಸಮುದ್ರದ ಮೈ ಮ್ಯಾಲಿನ ಗಾಳಿ ಅಂದಾಜು ಮಾಡೋ ಯಂತ್ರ ಎಸ್‌ಎಫ್‌ಎಮ್‌ಆರ್, ಅದ್ರ ನಂಬರ್ ಬಗ್ಗೆ ಜಗಳ ಭಾಳ ಆಗ್ಯಾವ. ಜೋರು ಮಳಿ, ಗಾಳಿ ಕಮ್ಮಿ ಇದ್ದಾಗ ಅದು ಗಾಳೀನ ಹೆಚ್ಚು ತೋರಿಸ್ತೈತಿ, ಮಳಿ ಕಾಲಂ ಏರಿದ ಸಾಲು ನಾ ಮುಟ್ಟೋದಿಲ್ಲ. ಮ್ಯಾಲಿನ ಗಾಳೀನ ಕೆಳಗ ಇಳ್ಸಾಕ 700 ಮಿಲಿಬಾರ್ ಒತ್ತಡದ ಎತ್ತರಕ್ಕ (ಮೂರು ಕಿಲೋಮೀಟರ್ ಅಜಮಾಸು) ನೂರಕ್ಕ 90, 850ಕ್ಕ (ಒಂದೂವರಿ ಕಿಲೋಮೀಟರ್) 80 ಅಂತ ಎಲ್ಲಾರೂ ಕಣ್ಣು ಮುಚ್ಚಿ ಹಚ್ತಾರ, ಅದು ಬಲವಾದ ಚಂಡಮಾರುತದಿಂದ ತಗದ ಲೆಕ್ಕ, ಹರಕು ಇನ್ವೆಸ್ಟ್‌ಗೆ ಹಚ್ಚೋದು ನನಗ ಸೇರಂಗಿಲ್ಲ. ಇನ್ವೆಸ್ಟಿಗೆ ಹೆಂಗೂ ಅವ್ರು ಭಾಳ ಕೆಳಗ ಹಾರ್ತಾರ.

ಇದ್ರ ನಡುವ ಮಿಲ್ಲಿನ ಚಾವಣಿ ಮ್ಯಾಲೆ ಆರು ಸಾವಿರದ್ದೊಂದು ಗಾಳಿ ಮೀಟರ್ ಕೂಡ್ಸಿದ್ದೆ, ಹೊಟ್ಟಿನ ಧೂಳು ತುಂಬಿ ಒಂದು ಸೀಸನ್ನಿಗೇ ಬಟ್ಟಲು ತಿರುಗೋದು ನಿಂತ್ವು. ಆದ್ರ ಅದ್ರ ಜೋಡಿ ಹಾಕಿದ್ದ ಒಂದೂವರಿ ನೂರು ರೂಪಾಯಿದ ಪ್ರೆಶರ್ ಸೆನ್ಸರ್ ಇನ್ನೂ ನಡೀತೈತಿ, ಅದು ಕಲಿಸಿದ್ದು ದೊಡ್ಡದು. ನಮ್ಮ ಕಡೆ ದಿನಾ ಹತ್ತು ಗಂಟೆಗೆ ಪ್ರೆಶರ್ ಏರ್ತೈತಿ, ನಾಕು ಗಂಟೆಗೆ ಇಳೀತೈತಿ, ಹಗಲಿಗೊಮ್ಮೆ ರಾತ್ರಿಗೊಮ್ಮೆ, ಎರಡು ಮೂರು ಮಿಲಿಬಾರ್ ಆಟ. ಕೆರಿಬಿಯನ್ನಿನ್ಯಾಗೂ ಹಂಗೇ. ಅದಕ್ಕ ಮುಂಜಾನಿ ಫ್ಲೈಟಿನ ಪ್ರೆಶರ್‌ಗೂ ಸಂಜಿ ಫ್ಲೈಟಿಗೂ ಎರಡು ಮಿಲಿಬಾರ್ ಫರಕ್ ಕಂಡ್ರ ಕುಣೀಬ್ಯಾಡ್ರಿ, ನಿನ್ನಿ ಅದೇ ಹೊತ್ತಿನ ಜೋಡಿ ಹೋಲ್ಸಿ ನೋಡ್ರಿ.

"ಅಮೆರಿಕದ ಗಾಳಿ ನೋಡಿ ನಿನಗೇನು ಬರ್ತೈತಿ" ಅಂತ ಕೇಳಿದವ್ರಿಗೆ ಉತ್ತರ ಹೋದ ಸಲದ ಭತ್ತದ ಕೊಯ್ಲು. ನಮ್ಮ ಬಂಗಾಳ ಕೊಲ್ಲಿಗೆ ಅಂಥಾ ವಿಮಾನ ದಿನಾ ಹಾರಂಗಿಲ್ಲ. ನಮಗ ಇರೋದು ಯುರೋಪಿನ ಮೆಟಾಪ್ ಉಪಗ್ರಹಗಳ ಆಸ್ಕ್ಯಾಟ್ (ಸಮುದ್ರದ ಮ್ಯಾಲಿನ ಗಾಳಿ ಅಳೆಯೋ ರೇಡಾರ್), ಮುಂಜಾನಿ ಒಂಬತ್ತೂವರಿ, ರಾತ್ರಿ ಒಂಬತ್ತೂವರಿ ಅಜಮಾಸು, ಎರಡು ಪಟ್ಟಿ, ನಡುವ ಆರೇಳ್ನೂರು ಕಿಲೋಮೀಟರ್ ಖಾಲಿ, ಸೆಂಟರ್ ಬೇಕಂದ್ರ ಆ ಖಾಲಿಯೊಳಗೇ ಹೋಗಿ ಕೂಡ್ತೈತಿ. ಇನ್ನೊಂದು ನಮ್ಮ ಇಸ್ರೋದ ಓಶನ್‌ಸ್ಯಾಟ್-3, 2022ರ ನವೆಂಬರ್ 26ಕ್ಕ ಹಾರಿದ್ದು, ಅದ್ರ ಪಟ್ಟಿ ಅಗಲ, ಮಳಿ ಬಂದಲ್ಲಿ ಮಾತ್ರ ಕೆಡ್ತೈತಿ.

ಇಲ್ಲಿ ಸೂತ್ರ ಇದ್ದಂಗ ಹಚ್ಚಿದ್ರ ನಡಿಯಂಗಿಲ್ಲ. ಅಟ್ಲಾಂಟಿಕ್ನ್ಯಾಗ ಮೊದ್ಲೇ ಮೂಡಲ ಗಾಳಿ ಬೀಸ್ತಿರ್ತೈತಿ, ಪಡುವಲ ಬಂತಂದ್ರ ಎದ್ದು ಕಾಣ್ತೈತಿ. ಕೊಲ್ಲಿಯಾಗ ಮುಂಗಾರಿನ ತಿಂಗಳು ಎಲ್ಲಾ ಕಡೆ ಪಡುವಲ ಗಾಳೀನೇ, ಆಗ ಉಲ್ಟಾ, ಉತ್ತರ ಬದಿಗೆ ಮೂಡಲ ಗಾಳಿ ಹುಡುಕಬೇಕು. ನವೆಂಬರ್‌ನ್ಯಾಗ ಸಮಭಾಜಕದ ಹತ್ರ ಪಡುವಲ ಗಾಳಿ ತಾನಾಗೇ ಇರ್ತೈತಿ, ಅದನ್ನ ಕಂಡು ಸುತ್ತು ಮುಚ್ಚೇತಿ ಅಂದ್ರ ಆಗಂಗಿಲ್ಲ. ಆ ಪಡುವಲಕ್ಕೂ ಸೆಂಟರ್ರಿಗೂ ಎಷ್ಟು ದೂರ, ಪಶ್ಚಿಮ ಬದಿಯ ಬಡಗಣ ಗಾಳಿ ಬಂದು ಅದಕ್ಕ ಕೂಡೇತೇನು, ಇವೆರಡು ನೋಡ್ಬೇಕು.

ಹೋದ ಸಲ ನವೆಂಬರ್ ಕೊನೀಗೆ ಕೊಲ್ಲಿಯಾಗ ಒಂದು ಲೋ (ಕಮ್ಮಿ ಒತ್ತಡದ ಪ್ರದೇಶ) ಬಂತು. ಮಾಡೆಲ್ ಮ್ಯಾಪಿನ್ಯಾಗ ದುಂಡಗ ರಿಂಗ್ ಬಿದ್ದಿದ್ವು, ಮೊಬೈಲಿನ್ಯಾಗ ಸೈಕ್ಲೋನ್ ಸೈಕ್ಲೋನ್, ಹಾರ್ವೆಸ್ಟರ್ ಮಷಿನ್ ತಾಸಿಗೆ ಎರಡೂವರಿ ಸಾವಿರ ಇದ್ದದ್ದು ಮೂರೂವರಿಗೆ ಹತ್ತಿ ಕುಂತ್ವು, ತಾಡಪತ್ರಿಗೂ ರೇಟ್ ಏರ್ತು. ಹಸಿ ಭತ್ತ ಕೊಯ್ದು ತಂದವ್ರಿಗೆ 75 ಕಿಲೋ ಚೀಲಕ್ಕ ನೂರೈವತ್ತು ಇನ್ನೂರು ಕಡಿತ ಬಿದ್ವು. ನಮ್ಮ ಮಾವ ಆರೆಕ್ರೆ ಕೊಯ್ಸಾಕ ಮಷಿನ್‌ಗೆ ಅಡ್ವಾನ್ಸ್ ಹಿಡ್ಕೊಂಡು ನಿಂತಿದ್ದ. ನಾ ಆಸ್ಕ್ಯಾಟಿನ ಎರಡು ಪಾಸ್ (ಉಪಗ್ರಹ ಮ್ಯಾಲೆ ಹಾದಾಗಿನ ಅಳತಿ) ನೋಡ್ದೆ. ಸೆಂಟರ್ ಅಂತ ಎಲ್ಲಾರೂ ಬಟ್ಟು ಇಟ್ಟಲ್ಲಿ ಈಶಾನ್ಯದ ಗಾಳಿ ಬರೇ ಬಾಗಿತ್ತು, ತಿರುಗಿರ್ಲಿಲ್ಲ, ಪಡುವಲ ಗಾಳಿ ಅಲ್ಲಿಂದ ನಾಕುನೂರು ಕಿಲೋಮೀಟರ್ ಕೆಳಗ ತನ್ನ ಪಾಡಿಗೆ ತಾ ಇತ್ತು. "ಮಾವ, ನಾಳಿ ಮುಂಜಾನಿ ಪಾಸ್ ತನಕ ರೊಕ್ಕ ಕೊಡಬ್ಯಾಡ" ಅಂದೆ. "ನಿನ್ನ ಕಂಪ್ಯೂಟರ್ ಮಾತು ಕೇಳಿ ಭತ್ತ ನೀರಾಗ ಹಾಕ್ಲೇನಪ್ಪ" ಅಂದ, ಆದ್ರ ನಿಂತ. ಮುಂಜಾನಿ ಪಾಸಿನ್ಯಾಗೂ ಅದೇ ಕಥಿ. ಆ ಲೋ 17 ನಾಟಿನ ಡಿಪ್ರೆಶನ್ ಮೆಟ್ಲೂ ಏರ್ದಂಗ ಚದ್ರಿ ಹೋತು. ನಮಗ ಎರಡು ದಿನ ಮೋಡ ಅಷ್ಟ. ಮಾವ ವಾರ ಬಿಟ್ಟು ಹಳೇ ರೇಟಿಗೇ ಕೊಯ್ಸ್ದ, ಮಷಿನ್ ಬಾಡಿಗಿ, ಚೀಲದ ಕಡಿತ ಎರಡೂ ಲೆಕ್ಕ ಹಾಕಿದ್ರ ಮೂವತ್ತು ನಲವತ್ತು ಸಾವಿರ ಉಳೀತು, ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಎಲ್ಲಾದ್ರ ರೊಕ್ಕ ಅಲ್ಲೇ ತಿರುಗಿ ಬಂದಂಗಾತು.

ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಾಗ ನಾ ಈ ಆಟ ಆಡಂಗಿಲ್ಲ, ಅದನ್ನೂ ಬರ್ದಿಡ್ತೀನಿ. 2020ರ ಅಕ್ಟೋಬರ್ 13ಕ್ಕ ಕಾಕಿನಾಡ ಹತ್ರ ನೆಲ ಏರಿದ್ದು ಬರೇ ಡೀಪ್ ಡಿಪ್ರೆಶನ್, ಸೈಕ್ಲೋನ್ ಹೆಸರೂ ಇರ್ಲಿಲ್ಲ, ಹೈದರಾಬಾದ್ ಮುಳುಗಿಸ್ತು, ನಮ್ಮ ಕಲ್ಯಾಣ ಕರ್ನಾಟಕದ ಹೊಲಾನೂ ಬಿಡ್ಲಿಲ್ಲ. ಸುತ್ತು ಮುಚ್ಚಿದ ಮ್ಯಾಲೆ ಗಾಳಿ ಎಷ್ಟು ಅನ್ನೋದ್ರಕಿಂತ ಮಳಿ ಎಲ್ಲಿ ಅನ್ನೋದೇ ದೊಡ್ಡದು, ಅದಕ್ಕ ನನ್ನ ಪ್ಲಾಟ್ ಉಪಯೋಗ ಇಲ್ಲ.

ಈಗ ಆಸ್ಕ್ಯಾಟ್ ಖಾಲಿ ಜಾಗದಾಗ ಓಶನ್‌ಸ್ಯಾಟ್ ಗಾಳಿ ತುಂಬೋದಕ್ಕ ಕುಂತೀನಿ, ಎರಡೂ ಪಾಸಿನ ನಡುವ ಎರಡು ಮೂರು ತಾಸು ಫರಕ್ ಬರ್ತೈತಿ, ಸಿಸ್ಟಂ ಓಡೋ ಸ್ಪೀಡ್ ಕಳದು ಕೂಡ್ಸಬೇಕು, ಅದೊಂದು ಸರಿ ಕೂಡವಲ್ದು. ಯಾರಾದ್ರೂ ಮಾಡಿದ್ರ ಹೇಳ್ರಿ. ಎಚ್‌ಡಿಒಬಿ ಓದೋ ಕೋಡ್ ಕೇಳಿದವ್ರಿಗೆ ಕೊಡ್ತೀನಿ, ಫಿಲ್ಟರ್ ಭಾಗ ತಗದು.